ಕಫನಿನ ಓಢ್ನಿ

ಅಮ್ಮಿ ತೀರಿಕೊಂಡಿದ್ದು 2019ರ ಆಗಸ್ಟಿನಲ್ಲಿ, ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದ ವಾರ. ಗುಸುಲ್, ಅಂದರೆ ಶವಸ್ನಾನ, ಕೊಡಿಸಲು ಪಕ್ಕದ ಮೊಹಲ್ಲಾದ ಖಾಲಾ ಮಳೆಯಲ್ಲಿ ನೆನೆದುಕೊಂಡೇ ಬಂದರು. ಬಂದವರೇ ಬಿಳಿ ಬಟ್ಟೆಯ ಥಾನು ಬಿಚ್ಚಿ, ಅಂಚಿಗೆ ಒಂದು ಕಚ್ಚು ಹಾಕಿ, ಕೈಯಲ್ಲೇ ಹರಿಯತೊಡಗಿದರು. ಗಂಡಸಿನ ಕಫನಿಗೆ, ಅಂದರೆ ಶವಕ್ಕೆ ಸುತ್ತುವ ಬಟ್ಟೆಗೆ, ಮೂರು ತುಂಡು, ಹೆಂಗಸಿಗೆ ಐದು. ಹರಿದ ಪ್ರತಿ ತುಂಡಿನ ಹೆಸರನ್ನೂ ಅವರು ಸಣ್ಣ ದನಿಯಲ್ಲಿ ಹೇಳುತ್ತಿದ್ದರು: ಚಾದರ್, ಇಜಾರ್, ಕುರ್ತಾ, ಸೀನಾಬಂದ್, ಓಢ್ನಿ. ಹೆಂಗಸಿಗೆ ಹೆಚ್ಚಾಗಿ ಸೇರುವ ಎರಡು ತುಂಡುಗಳು ಎದೆಯದು ಮತ್ತು ತಲೆಯದು.

ಬಿಸಿನೀರು ಬಂತು. ನಾನೂ ತಂಗಿಯೂ ತೋಳು ಮಡಚಿ ಒಳಗೆ ಹೊರಟೆವು. ಖಾಲಾ ತಂಗಿಯನ್ನು ನೋಡಿ ನಿಂತುಬಿಟ್ಟರು. "ತಲೆ ಬಿಟ್ಟುಕೊಂಡು ಊರೆಲ್ಲ ತಿರುಗೋಳು ಮಯ್ಯತ್ ಮುಟ್ಟೋದು ಬೇಡ. ಅವಳು ಹೊರಗಿರಲಿ" ಅಂದರು. ಆ ಹೊತ್ತಿನಲ್ಲಿ ತಂಗಿಯ ತಲೆಯ ಮೇಲೆ ದುಪ್ಪಟ್ಟಾ ಇತ್ತು, ಸಾವಿನ ಮನೆಯಲ್ಲಿ ಎಲ್ಲರ ತಲೆಯ ಮೇಲೂ ಇರುವ ಹಾಗೆ. ಆದರೆ ಬೆಂಗಳೂರಿನಲ್ಲಿ ಅವಳು ಬರಿದಲೆಯಲ್ಲಿ ಕಚೇರಿಗೆ ಹೋಗುತ್ತಾಳೆ ಅನ್ನುವುದು ಮೊಹಲ್ಲಾಕ್ಕೆಲ್ಲ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯಲಿಲ್ಲ. ಅವಳು ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ಆಮೇಲೆ ಅಮ್ಮಿಯ ಕೂದಲನ್ನು ಎರಡು ಭಾಗ ಮಾಡಿ, ಕುರ್ತಾದ ಮೇಲೆ, ಎದೆಯ ಎಡಕ್ಕೊಂದು ಬಲಕ್ಕೊಂದು ಇಟ್ಟವಳು ನಾನು. ಆ ಕೂದಲನ್ನು ಕೊನೆಯ ಎರಡು ವರ್ಷ ಬಾಚಿದ್ದೆಲ್ಲ ನನ್ನ ತಂಗಿ. ಅಮ್ಮಿಗೆ ಭುಜ ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ತಂಗಿ ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸಿಗೆ ಬಂದು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಹೋಗುತ್ತಿದ್ದಳು.

ನಲವತ್ತನೇ ದಿನದ ಫಾತಿಹಾ ಮುಗಿದು ಬಂದವರೆಲ್ಲ ಹೋದ ಮೇಲೆ ಅವಳು ಕೇಳಿದಳು: "ಆಪಾ, ನನ್ನನ್ನು ಹೊರಗೆ ಕೂರಿಸಿದ್ದು ಯಾವ ಕಿತಾಬಿನಲ್ಲಿದೆ?"

ನನಗೆ ಗೊತ್ತಿರಲಿಲ್ಲ. ನಾನು ಹತ್ತೊಂಬತ್ತನೇ ವಯಸ್ಸಿನಿಂದ ತಲೆ ಮುಚ್ಚಿಕೊಂಡವಳು, ನನ್ನ ಇಚ್ಛೆಯಿಂದ, ಪ್ರೀತಿಯಿಂದ. ಅದು ದೇವರ ಆಜ್ಞೆ ಎಂದು ಇವತ್ತಿಗೂ ನಂಬಿದ್ದೇನೆ. ಆದರೆ ಆ ಆಜ್ಞೆ ಎಲ್ಲಿದೆ, ಯಾವ ಮಾತಿನಲ್ಲಿದೆ, ಅದನ್ನು ಓದಿದವರು ಏನೇನು ಹೇಳಿದ್ದಾರೆ ಅಂತ ಕೂತು ನೋಡಿದ್ದು ಮಾತ್ರ ಆ ಪ್ರಶ್ನೆಯ ನಂತರ. ಆರು ತಿಂಗಳು ಅಂದುಕೊಂಡು ಶುರುಮಾಡಿದ ಓದು ಇನ್ನೂ ಮುಗಿದಿಲ್ಲ.

ಮೊದಲು ಸಿಕ್ಕಿದ್ದು ಗುಸುಲಿನ ಮಸಲೆ, ಅಂದರೆ ಅದರ ನಿಯಮ. ಮಯ್ಯತ್ತನ್ನು ತೊಳೆಯಲು ಹತ್ತಿರದ ಬಂಧುವಾದರೆ ಉತ್ತಮ, ಕೆಲಸ ಬಲ್ಲವರಾಗಿರಲಿ, ನಂಬಿಗಸ್ತರಾಗಿರಲಿ, ಕಂಡ ಕುಂದನ್ನು ಹೊರಗೆ ಹೇಳದವರಾಗಿರಲಿ. ಇಷ್ಟೇ. ಜಗಲಿಯ ಮೇಲೆ ಕೂರಿಸಬೇಕಾದವರ ಪಟ್ಟಿ ನಾನು ನೋಡಿದ ಯಾವ ಕಿತಾಬಿನಲ್ಲೂ ಇರಲಿಲ್ಲ. ಅದೇ ಹಾಳೆಯಲ್ಲಿ ಓಢ್ನಿ ಎಂಬ ಪದದ ಪಕ್ಕ ಅರಬ್ಬಿಯಲ್ಲಿ ಇನ್ನೊಂದು ಪದವಿತ್ತು: ಖಿಮಾರ್. ಕುರ್‌ಆನಿನ ಸೂರಾ ನೂರ್‌ನಲ್ಲಿ ಇಷ್ಟು ಚರ್ಚೆಗೆ ಒಳಗಾಗಿರುವ ಪದವೂ ಅದೇ.

ಆ ಸೂರಾದ, ಅಂದರೆ ಅಧ್ಯಾಯದ, 30ನೇ ಆಯತ್ (ವಚನ) ಗಂಡಸರಿಗೆ ಹೇಳಿದ್ದು: ದೃಷ್ಟಿ ತಗ್ಗಿಸಿ, ಮಾನ ಕಾಯ್ದುಕೊಳ್ಳಿ. 31ನೆಯದು ಅದೇ ಮಾತನ್ನು ಹೆಂಗಸರಿಗೆ ಹೇಳಿ ಮುಂದುವರಿಯುತ್ತದೆ: ತಾನಾಗಿ ಕಾಣುವುದನ್ನು ಬಿಟ್ಟು ತಮ್ಮ ಅಲಂಕಾರವನ್ನು ತೋರಿಸದಿರಲಿ, ತಮ್ಮ ಖಿಮಾರ್‌ಗಳನ್ನು ಜೈಬಿನ ಮೇಲೆ ಎಳೆದುಕೊಳ್ಳಲಿ. ಜೈಬ್ ಅಂದರೆ ಅಂಗಿಯ ಕೊರಳಿನ ಸೀಳು, ಎದೆಯ ಭಾಗ. ನಮ್ಮ ಮನೆಗಳಲ್ಲಿ ಕಿಸೆಗೆ ಹೇಳುವ ಜೇಬು ಎಂಬ ಪದವೂ ಅಲ್ಲಿಂದಲೇ ಬಂದದ್ದು. ಹಿಜಾಬ್ ಎಂಬ ಪದ ಇಲ್ಲಿ ಇಲ್ಲ. ಕುರ್‌ಆನಿನಲ್ಲಿ ಅದು ಏಳು ಕಡೆ ಬರುತ್ತದೆ, ಎಲ್ಲೂ ತೊಡುವ ಬಟ್ಟೆಯ ಅರ್ಥದಲ್ಲಿ ಬರುವುದಿಲ್ಲ. ಪರದೆ, ಅಡ್ಡಗೋಡೆ, ತಡೆ ಎಂಬ ಅರ್ಥದಲ್ಲಿ ಬರುತ್ತದೆ. ಪ್ರವಾದಿಯವರ ಪತ್ನಿಯರಲ್ಲಿ ಏನನ್ನಾದರೂ ಕೇಳುವುದಿದ್ದರೆ ಹಿಜಾಬಿನ ಆಚೆಯಿಂದ ಕೇಳಿ ಎಂದು 33ನೇ ಸೂರಾದಲ್ಲಿ ಹೇಳಿರುವುದು ಕೋಣೆಯ ಪರದೆಯ ಬಗ್ಗೆ. ಇಷ್ಟು ತಿಳಿಯುವ ಹೊತ್ತಿಗೆ ನನಗೆ ಐವತ್ತಾಗಿತ್ತು.

ಆಯತ್ತಿನಲ್ಲಿ ಕೂದಲು ಎಂಬ ಪದವೂ ಇಲ್ಲ. ನನ್ನ ತಂಗಿ ಮೊದಲು ಬೆರಳಿಟ್ಟು ತೋರಿಸಿದ್ದು ಅದನ್ನೇ. ಇದಕ್ಕೆ ಬಹುಪಾಲು ಉಲಮಾಗಳ, ಅಂದರೆ ಧರ್ಮ ವಿದ್ವಾಂಸರ, ಉತ್ತರ ಸರಳ: ಖಿಮಾರ್ ಅಂದರೇ ತಲೆಯ ಬಟ್ಟೆ. ಪೇಟವನ್ನು ಎದೆಯ ಮೇಲೂ ಇಳಿಬಿಡು ಎಂದರೆ, ತಲೆಯಿಂದ ತೆಗೆದುಬಿಡು ಎಂದು ಯಾರೂ ತಿಳಿಯುವುದಿಲ್ಲವಲ್ಲ. ಹನಫಿ, ಶಾಫಿಈ, ಮಾಲಿಕಿ, ಹಂಬಲಿ ಎಂಬ ನಾಲ್ಕೂ ಮದ್‌ಹಬ್‌ಗಳು (ಧರ್ಮಶಾಸ್ತ್ರದ ಪಂಥಗಳು), ಶಿಯಾ ಫಿಕ್‌ಹ್ (ಧರ್ಮಶಾಸ್ತ್ರ) ಕೂಡ, ಸ್ವತಂತ್ರ ಹೆಣ್ಣಿನ ಕೂದಲು ಸತರಿನ ಭಾಗ, ಪರಪುರುಷರೆದುರು ಮುಚ್ಚಬೇಕಾದದ್ದು ಎಂದೇ ಹೇಳಿವೆ. ನಾನು ಈ ಕಡೆಯವಳು. ಇಷ್ಟು ಶತಮಾನಗಳ ಓದಿನ ಭಾರ ನನಗೆ ಹಗುರವಾಗಿ ಕಾಣುವುದಿಲ್ಲ.

ಈ ಕಡೆಗೆ ನನ್ನನ್ನು ಗಟ್ಟಿಯಾಗಿ ಹಿಡಿದಿರುವುದು ಬುಖಾರಿ ಎಂಬ ಹದೀಸ್ (ಪ್ರವಾದಿಯವರ ಕಾಲದ ನುಡಿ-ನಡೆಯ ವರದಿ) ಸಂಗ್ರಹದಲ್ಲಿರುವ, ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾರ ಒಂದು ಮಾತು. ಈ ಆಯತ್ ಇಳಿದಾಗ ಹೆಂಗಸರು ತಾವು ಉಟ್ಟ ಬಟ್ಟೆಯ ಅಂಚನ್ನೇ ಹರಿದು ಖಿಮಾರ್ ಮಾಡಿಕೊಂಡರಂತೆ. ಖಾಲಾ ಕಫನ್ ಹರಿಯುವ ಸದ್ದು ಕಿವಿಯಲ್ಲಿ ಇರುವುದರಿಂದಲೋ ಏನೋ, ಆ ಹದೀಸ್ ಓದುವಾಗೆಲ್ಲ ನನಗೆ ಬಟ್ಟೆ ಹರಿಯುವ ಸದ್ದು ಕೇಳುತ್ತದೆ. ಕೋಲು ಹಿಡಿದು ನಿಂತ ಗಂಡಸು ಆ ಹದೀಸಿನಲ್ಲಿ ಎಲ್ಲೂ ಇಲ್ಲ. ಕೇಳಿದರು, ಒಲಿದರು, ಹರಿದು ಹೊದ್ದರು. ನಾನೂ ಹತ್ತೊಂಬತ್ತಕ್ಕೆ ಹೊದ್ದದ್ದು ಹಾಗೆಯೇ.

ತಂಗಿಯ ಕತೆ ಬೇರೆ. ಹನ್ನೊಂದನೇ ವಯಸ್ಸಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ, ನೂರು ಜನರ ನಡುವೆ, ಚಾಚಾ ಅವಳ ಕೆನ್ನೆಗೆ ಹೊಡೆದು ತಲೆಗೆ ಬಟ್ಟೆ ಹಾಕಿಸಿದ್ದರು. ಅವಳು ಅದನ್ನು ಇಪ್ಪತ್ತು ವರ್ಷ ಹೊತ್ತಳು. ಆಮೇಲೆ ತೆಗೆದಳು. ಐದು ಹೊತ್ತಿನ ನಮಾಜ್ ಬಿಟ್ಟಿಲ್ಲ, ರೋಜಾ ಬಿಟ್ಟಿಲ್ಲ. ಮೊಹಲ್ಲಾದ ಜನ ಅವಳು ಶೋಕಿಗೆ ತೆಗೆದಳು ಅಂದುಕೊಂಡರು. ಸಾಲದ್ದಕ್ಕೆ ಅವಳ ಆಪಾ ಆದ ನಾನೂ ಹಾಗೇ ಅಂದುಕೊಂಡಿದ್ದೆ.

ಅವಳು ಕೊಟ್ಟ ಪುಸ್ತಕಗಳನ್ನು ಓದಿದೆ. 1926ರಲ್ಲಿ ಇಸ್ಲಾಮಿಗೆ ಬಂದ, ಯಹೂದಿ ಮನೆತನದಲ್ಲಿ ಹುಟ್ಟಿದ ಮುಹಮ್ಮದ್ ಅಸದ್ ಈ ಆಯತ್ತಿಗೆ ಬರೆದ ಟಿಪ್ಪಣಿ ಹೀಗಿದೆ: ಖಿಮಾರ್ ಇಸ್ಲಾಮಿಗೆ ಮೊದಲೇ ಅರಬ್ ಹೆಂಗಸರ ರೂಢಿಯ ತಲೆವಸ್ತ್ರ, ಅದನ್ನು ಬೆನ್ನಿಗೆ ಇಳಿಬಿಡುತ್ತಿದ್ದರು, ಅಂಗಿಯ ಮುಂಭಾಗ ತೆರೆದಿರುತ್ತಿತ್ತು, ಆಯತ್ ಹೇಳುತ್ತಿರುವುದು ಎದೆ ಮುಚ್ಚಿಕೊಳ್ಳಿ ಎಂದು. "ತಾನಾಗಿ ಕಾಣುವುದು" ಎಂಬ ಮಾತನ್ನು ಬೇಕೆಂದೇ ಬಿಗಿ ಮಾಡದೆ ಬಿಡಲಾಗಿದೆ, ಕಾಲ ಬದಲಾದಂತೆ ಮನುಷ್ಯರಿಗೆ ಜಾಗ ಇರಲಿ ಎಂದು, ಅನ್ನುವುದು ಅವರ ತಿಳಿವಳಿಕೆ. ಪಾಕಿಸ್ತಾನದ ಜಾವೇದ್ ಅಹ್ಮದ್ ಗಾಮಿದಿ ಸಾಹೇಬರು ಇನ್ನೊಂದು ದಾರಿಯಲ್ಲಿ ಹತ್ತಿರಹತ್ತಿರ ಅಲ್ಲಿಗೇ ಬರುತ್ತಾರೆ: ತಲೆ ಮುಚ್ಚುವುದು ಮುಸ್ಲಿಮರು ಉಳಿಸಿಕೊಳ್ಳಬೇಕಾದ ಚೆಂದದ ಸಂಪ್ರದಾಯ, ಶರೀಅತ್ತಿನ ನೇರ ಆಜ್ಞೆ ಅಲ್ಲ. ಇಬ್ಬರೂ ಕುರ್‌ಆನನ್ನು ಎದೆಗೆ ಅಪ್ಪಿಕೊಂಡು ಬದುಕಿದವರೇ.

ಹದೀಸಿನ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ಕಂಗಾಲಾದೆ. ಚಿಕ್ಕಂದಿನಿಂದ ಇಜ್ತೆಮಾಗಳಲ್ಲಿ, ಅಂದರೆ ಧಾರ್ಮಿಕ ಸಭೆಗಳಲ್ಲಿ, ಕೇಳುತ್ತ ಬಂದದ್ದು ಹಜ್ರತ್ ಅಸ್ಮಾರ ಹದೀಸ್: ತೆಳು ಬಟ್ಟೆಯಲ್ಲಿ ಬಂದ ಅವರಿಗೆ ಪ್ರವಾದಿಯವರು, ಪ್ರಾಯಕ್ಕೆ ಬಂದ ಹೆಣ್ಣಿನ ಇದು ಮತ್ತು ಇದು ಮಾತ್ರ ಕಾಣಬಹುದು ಎಂದು ಮುಖ ಮತ್ತು ಕೈ ತೋರಿಸಿದರು. ಅದನ್ನು ದಾಖಲಿಸಿದ ಅಬೂ ದಾವೂದ್ ತಾವೇ ಕೆಳಗೆ ಬರೆದಿದ್ದಾರೆ, ಇದರ ಕೊಂಡಿ ತುಂಡಾಗಿದೆ, ಆಯಿಷಾರಿಂದ ಬಂದದ್ದೆಂದು ವರದಿ ಮಾಡಿದ ಖಾಲಿದ್ ಬಿನ್ ದುರೈಕ್ ಆಯಿಷಾರನ್ನು ನೋಡಿದವರೇ ಅಲ್ಲ ಎಂದು. ಬೇರೆ ವರದಿಗಳ ಬೆಂಬಲದಿಂದ ಇದನ್ನು ಎತ್ತಿಹಿಡಿದ ವಿದ್ವಾಂಸರಿದ್ದಾರೆ, ಅದೂ ನಿಜ. ಆದರೆ ಇಷ್ಟು ವರ್ಷಗಳ ಇಜ್ತೆಮಾಗಳಲ್ಲಿ ಒಬ್ಬರಾದರೂ ಆ ಕೆಳಗಿನ ಸಾಲನ್ನು ನಮಗೆ ಓದಿ ಹೇಳಬಹುದಿತ್ತು. ನಮ್ಮ ಈಮಾನ್, ನಮ್ಮ ನಂಬಿಕೆ, ಅಷ್ಟಕ್ಕೆ ಮುರಿದುಬೀಳುವಂಥದ್ದು ಅಂದುಕೊಂಡರೇ?

ಇನ್ನೂ ಕಷ್ಟದ ಜಾಗ ಒಂದಿದೆ. 33ನೇ ಸೂರಾದ 59ನೇ ಆಯತ್, ಹೆಂಗಸರು ಜಿಲ್ಬಾಬನ್ನು (ಮೇಲುಹೊದಿಕೆಯನ್ನು) ಮೈಮೇಲೆ ಎಳೆದುಕೊಳ್ಳಲಿ, ಅದರಿಂದ ಅವರ ಗುರುತು ಸಿಗುತ್ತದೆ, ಅವರನ್ನು ಯಾರೂ ಪೀಡಿಸುವುದಿಲ್ಲ ಎನ್ನುತ್ತದೆ. ಯಾವ ಗುರುತು? ಹಳೆಯ ತಫ್ಸೀರ್‌ಗಳಲ್ಲಿ, ಅಂದರೆ ಕುರ್‌ಆನಿನ ವ್ಯಾಖ್ಯಾನಗಳಲ್ಲಿ, ಮತ್ತೆ ಮತ್ತೆ ಬರುವ ಉತ್ತರ: ಇವಳು ಸ್ವತಂತ್ರಳು, ದಾಸಿಯಲ್ಲ ಎಂಬ ಗುರುತು. ಫಿಕ್‌ಹ್‌ನ ಬಹುಮತ ದಾಸಿ ಹೆಣ್ಣಿಗೆ ತಲೆ ಮುಚ್ಚುವುದನ್ನು ಕಡ್ಡಾಯ ಮಾಡಲೇ ಇಲ್ಲ. ತಲೆ ಮುಚ್ಚಿಕೊಂಡ ದಾಸಿಯೊಬ್ಬಳಿಗೆ, ಸ್ವತಂತ್ರ ಹೆಂಗಸರ ಹಾಗೆ ಕಾಣಬೇಡ ಎಂದು ಎರಡನೇ ಖಲೀಫ ಹಜ್ರತ್ ಉಮರ್ ಹೊಡೆದರು ಎಂಬ ವರದಿ ಹಳೆಯ ಸಂಗ್ರಹಗಳಲ್ಲಿದೆ. ಅದನ್ನು ಓದಿದ ರಾತ್ರಿ ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೆನ್ನೆ ಹಿಡಿದುಕೊಂಡು ನಿಂತಿದ್ದ ಹನ್ನೊಂದರ ಹುಡುಗಿ ಕಣ್ಣೆದುರು ಬಂದಳು.

ತಂಗಿಯ ವಾದ ಇಲ್ಲಿ ಹರಿತವಾಗುತ್ತದೆ. ಕೂದಲೇ ಫಿತ್ನಾ, ಅಂದರೆ ಪ್ರಲೋಭನೆ, ಆಗಿದ್ದರೆ ದಾಸಿಯ ಕೂದಲು ಯಾಕೆ ಅಲ್ಲ? ಅಂದಮೇಲೆ ಇದು ಅಂತಸ್ತಿನ ಗುರುತಾಗಿತ್ತಲ್ಲವೇ, ದಾಸ್ಯವೇ ಇಲ್ಲದ ಕಾಲದಲ್ಲಿ ಆ ಗುರುತಿನ ಕೆಲಸ ಏನು? ಸಂಪ್ರದಾಯದ ಉತ್ತರ, ಹೊರಗೆ ದುಡಿಯುವ ದಾಸಿಗೆ ಕಷ್ಟವಾಗಬಾರದೆಂದು ಕೊಟ್ಟ ವಿನಾಯಿತಿ ಅದು ಎಂದು. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಿಲ್ಲ. ನನಗೆ ಒಪ್ಪಿಗೆಯಾಗುವುದು 11ನೇ ಶತಮಾನದ ಸ್ಪೇನಿನ ಕೊರ್ದೊಬಾದ ವಿದ್ವಾಂಸ ಇಬ್ನ್ ಹಜ್ಮ್ ಹೇಳಿದ್ದು: ಧರ್ಮ ಒಂದು, ಸೃಷ್ಟಿ ಒಂದು, ಸ್ವತಂತ್ರ ಹೆಣ್ಣಿಗೂ ದಾಸಿಗೂ ಈ ವಿಷಯದಲ್ಲಿ ಭೇದವಿಲ್ಲ. ಅವರು ಅಲ್ಲಿಂದ ಇಬ್ಬರೂ ಮುಚ್ಚಿಕೊಳ್ಳಬೇಕು ಎಂಬ ಕಡೆಗೆ ಹೋದರು. ತಂಗಿ ಅದೇ ಸಮಾನತೆಯಿಂದ ಹೊರಟು ಉಲ್ಟಾ ದಿಕ್ಕಿಗೆ ಹೋಗುತ್ತಾಳೆ. ನಾನು ಇಬ್ನ್ ಹಜ್ಮರ ಹಿಂದೆ ನಡೆದು ತಲೆ ಮುಚ್ಚಿಕೊಳ್ಳುತ್ತೇನೆ. ಈ ಒಂದು ಜಾಗದಲ್ಲಿ ನಾವಿಬ್ಬರೂ ಎಷ್ಟು ರಾತ್ರಿ ಕಳೆದಿದ್ದೇವೋ ಲೆಕ್ಕವಿಲ್ಲ.

ಮುಖದ ವಿಷಯದಲ್ಲಂತೂ ಇಖ್ತಿಲಾಫ್, ಅಂದರೆ ಭಿನ್ನಾಭಿಪ್ರಾಯ, ಮೊದಲ ತಲೆಮಾರಿನದೇ. "ತಾನಾಗಿ ಕಾಣುವುದು" ಅಂದರೆ ಹೊರಗಿನ ಬಟ್ಟೆ ಎಂದರು ಇಬ್ನ್ ಮಸ್‌ಊದ್. ಕಣ್ಣಿನ ಸುರುಮ, ಉಂಗುರ, ಅಂದರೆ ಮುಖ ಮತ್ತು ಕೈ ಎಂದರು ಇಬ್ನ್ ಅಬ್ಬಾಸ್. 10ನೇ ಶತಮಾನದ ಆರಂಭದಲ್ಲಿ ತೀರಿಕೊಂಡ ಕುರ್‌ಆನ್ ವ್ಯಾಖ್ಯಾನಕಾರ ತಬರಿ ಇವೆಲ್ಲವನ್ನೂ ಸಾಲಾಗಿ ಬರೆದಿಟ್ಟು, ತಮಗೆ ಸರಿ ಕಂಡದ್ದು ಮುಖ ಮತ್ತು ಕೈ ಎಂದರು; ಮಿಕ್ಕವರ ಮಾತನ್ನು ಅಳಿಸಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಔರಂಗಾಬಾದಿನಲ್ಲಿ ಹುಟ್ಟಿದ ಮೌಲಾನಾ ಮೌದೂದಿ ಮುಖವೂ ಮುಚ್ಚಿರಬೇಕು ಎಂದು ವಾದಿಸಿದರೆ, ಹದೀಸಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರೆಂದು ಹೆಸರಾದ, ದಮಾಸ್ಕಸ್‌ನಲ್ಲಿ ಗಡಿಯಾರ ರಿಪೇರಿ ಮಾಡಿ ಬದುಕಿದ ಶೇಖ್ ಅಲ್ಬಾನಿ, ಮುಖ ಮುಚ್ಚುವುದು ಕಡ್ಡಾಯವಲ್ಲ ಎಂದು ಬರೆದು ಸೌದಿ ವಿದ್ವಾಂಸರ ಸಿಟ್ಟಿಗೆ ಗುರಿಯಾದರು. ಇನ್ನು ಮಕ್ಕಾದಲ್ಲಿ, ಇಹ್ರಾಮ್ (ಯಾತ್ರೆಯ ವ್ರತ) ತೊಟ್ಟ ಹೆಣ್ಣು ನಿಖಾಬ್ (ಮುಖಪರದೆ) ಕಟ್ಟಬಾರದು, ಕೈಗವಸು ಹಾಕಬಾರದು ಎಂಬುದು ಬುಖಾರಿಯಲ್ಲೇ ಇದೆ.

ನಾನು ಕೆಲಸಕ್ಕೆ ಸೇರಿದ್ದು ಕರಾವಳಿಯಲ್ಲಿ. ಘಟ್ಟದ ಮೇಲಿನ ನಮ್ಮ ದಖ್ಖನಿ ಮಾತಿನ ಹನಫಿಗಳಿಗೂ ಅಲ್ಲಿನ ಶಾಫಿಈ ಬ್ಯಾರಿಗಳಿಗೂ ನಮಾಜಿನಲ್ಲಿ ಕೈ ಕಟ್ಟುವ ಜಾಗದಿಂದ ಹಿಡಿದು ನೂರು ವ್ಯತ್ಯಾಸ. ಅಲ್ಲಿನ ಗೆಳತಿಯೊಬ್ಬಳ ಅಜ್ಜಿಯ ಪೆಟ್ಟಿಗೆಯಲ್ಲಿ ತುನಿ, ಕುಪ್ಪಾಯ, ಯೆಲೆವಸ್ತ್ರ ನೋಡಿದ್ದೇನೆ. ಯೆಲೆವಸ್ತ್ರ ಅಂದರೆ ತಲೆಗೆ ಕಟ್ಟುವ ವಸ್ತ್ರ. ಹೊರಗೆ ಹೊರಟರೆ ಅಂಚಿಗೆ ಚಿತ್ತಾರವಿದ್ದ ವಲ್ಲಿ ಹೊದೆಯುತ್ತಿದ್ದರಂತೆ. ಆ ಹೆಂಗಸರು ದೀನ್, ಅಂದರೆ ಧರ್ಮ, ತಿಳಿಯದವರೇನಲ್ಲ. 16ನೇ ಶತಮಾನದಲ್ಲೇ ಕೇರಳದ ಪೊನ್ನಾನಿಯ ಮಖ್ದೂಮ್ ಮನೆತನದವರು ಬರೆದ ಶಾಫಿಈ ಗ್ರಂಥ ಇಂಡೋನೇಷ್ಯಾದವರೆಗೆ ಓದಿಸಿಕೊಂಡಿದೆ, ಅಷ್ಟು ಗಟ್ಟಿಯಾದ ಓದಿನ ಕರಾವಳಿ ಅದು. ಶಾಫಿಈ ಕಿತಾಬುಗಳಲ್ಲಿ ಮುಖದ ಬಗ್ಗೆ ಹನಫಿಗಳಿಗಿಂತ ಬಿಗಿಯಾದ ಮಾತುಗಳಿವೆ. ಆದರೆ ಅದೇ ಕಿತಾಬುಗಳನ್ನು ಓದಿದ ಊರುಗಳ ಹೆಂಗಸರು ಮುಖ ತೆರೆದು, ತಲೆಗೊಂದು ವಸ್ತ್ರ ಕಟ್ಟಿ, ಗದ್ದೆಗೂ ಮೀನಿನ ಮಾರುಕಟ್ಟೆಗೂ ಓಡಾಡಿದರು. ಕಪ್ಪು ಬುರ್ಖಾ ಊರಿಗೆಲ್ಲ ಬಂದದ್ದು ನಮ್ಮ ಕಣ್ಣೆದುರೇ, ಗಲ್ಫಿಗೆ ಹೋದವರ ಪೆಟ್ಟಿಗೆಗಳ ಜೊತೆ. ಬಂದದ್ದು ತಪ್ಪು ಅನ್ನುತ್ತಿಲ್ಲ. ಅದರೊಳಗೇ ನೆಮ್ಮದಿ ಕಂಡ ಎಷ್ಟೋ ಜನ ನನ್ನ ಆಪ್ತರು. ವಲ್ಲಿ ಹೊದ್ದ ಅಜ್ಜಿಯ ದೀನ್ ಕಡಿಮೆಯದಾಗಿತ್ತು ಅನ್ನುವಂತೆ ಮಾತಾಡಿದಾಗ ಮಾತ್ರ ನನಗೆ ತಡೆಯಲಾಗುವುದಿಲ್ಲ.

ನನ್ನ ಓದಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಸಿಕ್ಕಿದ್ದು ಒಂದು ಸಣ್ಣ ಸಾಲು. ಅದನ್ನು ಹೇಳಲು ಅಮ್ಮಿಯ ಅಡುಗೆಮನೆಗೆ ಹೋಗಬೇಕು.

ಅಬ್ಬಾ ಬೇಗ ಹೋದರು. ಅಮ್ಮಿ ಇಪ್ಪತ್ತು ವರ್ಷ ಮನೆಯಲ್ಲೇ ಅಕ್ಕಿರೊಟ್ಟಿ ತಟ್ಟಿ ಹೋಟೆಲುಗಳಿಗೆ ಕೊಟ್ಟು ನಮ್ಮಿಬ್ಬರನ್ನು ಓದಿಸಿದಳು. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹಚ್ಚಿದರೆ ಎಂಟರವರೆಗೆ. ಸೆರಗನ್ನು ತಲೆಯ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿ, ತೋಳನ್ನು ಮೊಣಕೈ ದಾಟಿಸಿ ಮಡಚಿ ಕೂರುತ್ತಿದ್ದಳು. ಹಿಟ್ಟು ಮೊಣಕೈವರೆಗೆ. ಹೋಟೆಲಿನ ಹುಡುಗರು ಬಾಗಿಲಲ್ಲಿ ನಿಂತು ಬುಟ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆ ಮೊಹಲ್ಲಾಕ್ಕೆ ಬಯಾನ್, ಅಂದರೆ ಧಾರ್ಮಿಕ ಉಪದೇಶ, ಹೇಳಲು ಬಂದ ಹೆಂಗಸೊಬ್ಬರು ಅಮ್ಮಿಯ ತೋಳು ನೋಡಿ, ನಾಮಹ್ರಮ್ (ಪರ) ಹುಡುಗರ ಮುಂದೆ ಇದು ಗುನಾಹ್, ಪಾಪ, ನಾಳೆ ಈ ತೋಳೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ ಅಂದರು. ಅಮ್ಮಿ ಏನೂ ಹೇಳಲಿಲ್ಲ. ಮರುದಿನದಿಂದ ಉದ್ದತೋಳಿನ ಕುಪ್ಪಸ ಹಾಕಿಕೊಂಡು ಕೂತಳು. ಮೂರನೇ ದಿನ ತೋಳಿನ ಅಂಚಿಗೆ ಬೆಂಕಿ ತಗುಲಿ ಕೈ ಸುಟ್ಟಿತು. ಆ ಕಲೆ ಕೊನೆಯವರೆಗೂ ಇತ್ತು. ಗುಸುಲಿನಲ್ಲಿ ನಾನು ತೊಳೆದ ಕೈಯಲ್ಲೂ ಇತ್ತು.

ಮಧ್ಯ ಏಷ್ಯಾದಲ್ಲಿ 11ನೇ ಶತಮಾನದಲ್ಲಿ ಸರಖ್ಸಿ ಎಂಬ ಹನಫಿ ಇಮಾಮರಿದ್ದರು. ಸೆರೆಯಲ್ಲಿದ್ದುಕೊಂಡೇ ಶಿಷ್ಯರಿಗೆ ಹೇಳಿ ಬರೆಸಿದ ಅವರ ದೊಡ್ಡ ಗ್ರಂಥ ನಮ್ಮ ಮದ್‌ಹಬಿನ ಆಧಾರಗಳಲ್ಲಿ ಒಂದು. ಅದರಲ್ಲಿ, ಹೆಣ್ಣಿನ ಮುಖ ಮತ್ತು ಕೈ ಕಾಣಬಹುದು ಯಾಕೆಂದರೆ ಅವಳು ಜನರ ಜೊತೆ ವ್ಯವಹಾರ ಮಾಡಬೇಕು, ಕೊಡಬೇಕು ತೆಗೆದುಕೊಳ್ಳಬೇಕು ಎಂದು ಹೇಳಿ, ಪಾದವೂ ಕಾಣಬಹುದು ಎಂದು ಇಮಾಮ್ ಅಬೂ ಹನೀಫರಿಂದ ಬಂದ ಒಂದು ಮಾತು ಕೊಟ್ಟು, ಮುಂದೆ ಬರೆಸುತ್ತಾರೆ: ತೋಳನ್ನು ನೋಡುವುದಕ್ಕೂ ಅಡ್ಡಿಯಿಲ್ಲ ಎಂದು ಅಬೂ ಯೂಸುಫ್ ಹೇಳಿದ್ದಾಗಿ ವರದಿಯಿದೆ, ಯಾಕೆಂದರೆ ರೊಟ್ಟಿ ಮಾಡುವಾಗ ಮತ್ತು ಬಟ್ಟೆ ಒಗೆಯುವಾಗ ಅವಳ ತೋಳು ಕಾಣದೆ ವಿಧಿಯಿಲ್ಲ.

ಅಬೂ ಯೂಸುಫ್ ಅಂದರೆ ಅಬೂ ಹನೀಫರ ಮುಖ್ಯ ಶಿಷ್ಯ, ಬಗ್ದಾದಿನಲ್ಲಿ ಹಾರೂನ್ ರಶೀದರ ಮುಖ್ಯ ಕಾಜಿ. ಸಾಮ್ರಾಜ್ಯದ ನ್ಯಾಯ ನೋಡಿಕೊಳ್ಳುತ್ತಿದ್ದ ಆ ಮನುಷ್ಯ ರೊಟ್ಟಿ ಮಾಡುವ ಹೆಂಗಸಿನ ತೋಳಿನ ಬಗ್ಗೆ ಯೋಚಿಸಿದ್ದರು. ಬಡ ಮನೆಯಲ್ಲಿ ಬೆಳೆದವರು ಎನ್ನುತ್ತಾರೆ, ಹಿಟ್ಟು ಕಲಸಿದ ಕೈ ಅವರ ಮನೆಯಲ್ಲೂ ಇದ್ದಿರಬೇಕು. ಇದು ಹನಫಿಗಳ ಮುಖ್ಯ ಅಭಿಪ್ರಾಯವಾಗಿ ನಿಲ್ಲಲಿಲ್ಲ, ಗೊತ್ತು. ಆದರೆ ಅದನ್ನು ಯಾರೂ ಅಳಿಸಲೂ ಇಲ್ಲ. ಸಾವಿರ ವರ್ಷ ಅದು ಪುಟದ ಮೇಲೆ ಇತ್ತು. ಅಮ್ಮಿಯ ಕೈ ಸುಡುವ ದಿನವೂ ಇತ್ತು. ಬಯಾನಿನವರು ಅದನ್ನು ಓದಿರಲಿಲ್ಲ, ಅಥವಾ ಓದಿದ್ದರೂ ನಮ್ಮಂಥವರಿಗೆ ಹೇಳುವ ಅಗತ್ಯ ಕಂಡಿರಲಿಲ್ಲ. ಈ ಸಾಲು ಓದಿ ನಾನು ಅತ್ತೆ. ತಂಗಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳೂ ಅತ್ತಳು. ಹತ್ತು ವರ್ಷದಲ್ಲಿ ಈ ವಿಷಯದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಆಮೇಲೆ 2022 ಬಂತು. ಫೆಬ್ರವರಿ 5ರ ಸರ್ಕಾರಿ ಆದೇಶ, 10ರ ಹೈಕೋರ್ಟಿನ ಮಧ್ಯಂತರ ಆದೇಶ. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಗೇಟಿನ ಪಕ್ಕ ಒಂದು ಕೋಣೆ ಕೊಟ್ಟರು, ಅಲ್ಲಿ ಹಿಜಾಬ್ ತೆಗೆದಿಟ್ಟು ಒಳಗೆ ಬರಬೇಕು ಎಂದು. ನನ್ನ ತರಗತಿಯ ಹುಡುಗಿಯರಲ್ಲಿ ಕೆಲವರು ತೆಗೆದರು, ಇಬ್ಬರು ವಾಪಸ್ ಹೋದರು. ಒಬ್ಬಳು ಎರಡು ದಿನ ವಾಪಸ್ ಹೋಗಿ ಮೂರನೇ ದಿನ ತೆಗೆದು ಬಂದು, ಇಡೀ ತರಗತಿಯಲ್ಲಿ ತಲೆ ಎತ್ತಲಿಲ್ಲ. ಪಂಪನ ಪದ್ಯ ಓದಿಸುತ್ತಿದ್ದೆ. ನನ್ನ ದನಿಯೇ ನನಗೆ ಕೇಳುತ್ತಿರಲಿಲ್ಲ. ಆ ವಾರ ನನಗಿಂತ ಹೆಚ್ಚು ಸಿಟ್ಟಾಗಿದ್ದವಳು ಬರಿದಲೆಯ ನನ್ನ ತಂಗಿ. "ಹಾಕ್ಕೊಳ್ಳು ಅಂತ ಹೊಡೆದ ಕೈಗೂ ತೆಗಿ ಅಂತ ಗೇಟಲ್ಲಿ ನಿಲ್ಲಿಸೋ ಕೈಗೂ ಏನು ವ್ಯತ್ಯಾಸ ಆಪಾ?" ಅಂದಳು. ಅವಳು ರಜೆ ಹಾಕಿ ಬಂದು, ವಾಪಸ್ ಹೋದ ಹುಡುಗಿಯೊಬ್ಬಳ ಮನೆಗೆ ನನ್ನ ಜೊತೆ ಬಂದಳು, ಪರೀಕ್ಷೆ ಬಿಡಬೇಡ ಎಂದು ಹೇಳಲು. ಆ ಹುಡುಗಿಯ ಅಮ್ಮ ತಂಗಿಯ ತಲೆ ನೋಡಿದರು, ಏನೂ ಹೇಳದೆ ಚಹಾ ಕೊಟ್ಟರು.

ಮಾರ್ಚ್ 15ಕ್ಕೆ ಮೂವರು ನ್ಯಾಯಮೂರ್ತಿಗಳ ತೀರ್ಪು ಬಂತು: ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ. ಅಬ್ದುಲ್ಲಾ ಯೂಸುಫ್ ಅಲಿಯವರ ಕುರ್‌ಆನ್ ಅನುವಾದ ಮತ್ತು ಟಿಪ್ಪಣಿಯನ್ನು ಮುಂದಿಟ್ಟುಕೊಂಡು ನ್ಯಾಯಾಲಯ ಈ ನಿರ್ಧಾರಕ್ಕೆ ಬಂದಿತ್ತು. ಅತ್ಯಗತ್ಯ ಆಚರಣೆ ಎಂಬ ಈ ಅಳತೆಗೋಲು ನಮ್ಮ ಕಾನೂನಿಗೆ ಬಂದದ್ದೇ 1954ರಲ್ಲಿ, ಉಡುಪಿಯ ಶೀರೂರು ಮಠದ ಮೊಕದ್ದಮೆಯಿಂದ. ಮಠದ ವ್ಯವಹಾರದಲ್ಲಿ ಸರ್ಕಾರ ಎಲ್ಲಿಯವರೆಗೆ ಕೈ ಹಾಕಬಹುದು ಎಂಬ ಪ್ರಶ್ನೆಯಲ್ಲಿ ಹುಟ್ಟಿದ ಮಾತು ಅರವತ್ತೆಂಟು ವರ್ಷದ ನಂತರ ಅದೇ ಉಡುಪಿಯ ಹುಡುಗಿಯರ ತಲೆಯ ಮೇಲಿನ ಬಟ್ಟೆಯನ್ನು ಅಳೆಯಲು ಬಂತು. ತಂಗಿಗೆ ಗೆದ್ದಂತೆ ಅನ್ನಿಸಬೇಕಿತ್ತು, ಅವಳು ಹೇಳುತ್ತಿದ್ದುದನ್ನೇ ಕೋರ್ಟು ಹೇಳಿತಲ್ಲ ಎಂದು ಯಾರೋ ಅವಳಿಗೆ ಹೇಳಿದರಂತೆ. ಅವಳಿಗೆ ಹಾಗನ್ನಿಸಲಿಲ್ಲ. ತಬರಿ ಹಲವು ಅಭಿಪ್ರಾಯ ಬರೆದಿಟ್ಟು ಒಂದನ್ನು ಆರಿಸುವುದು ಬೇರೆ. ಆ ಆಯ್ಕೆಯ ಹಿಂದೆ ಪೊಲೀಸರು ಇರಲಿಲ್ಲ. ನಮ್ಮೊಳಗಿನ ಇಖ್ತಿಲಾಫನ್ನು ಎತ್ತಿಕೊಂಡು, ನಿಮ್ಮಲ್ಲೇ ಒಮ್ಮತವಿಲ್ಲ ಆದ್ದರಿಂದ ತೆಗೆಯಿರಿ ಅನ್ನುವುದಾದರೆ ನಾಳೆ ಯಾವ ಮುಸ್ಲಿಂ ಹೆಣ್ಣು ಧೈರ್ಯವಾಗಿ ಭಿನ್ನಾಭಿಪ್ರಾಯ ಹೇಳಿಯಾಳು? ಹೇಳಿದರೆ ಅದು ಗೇಟಿನಲ್ಲಿ ನಿಂತ ಇನ್ನೊಬ್ಬಳ ವಿರುದ್ಧ ಸಾಕ್ಷಿಯಾಗುತ್ತದೆ ಎಂಬ ಹೆದರಿಕೆ ಅವಳ ಬಾಯಿ ಕಟ್ಟುತ್ತದೆ. ಆ ವರ್ಷ ತಂಗಿ ಈ ವಿಷಯದ ಮೇಲೆ ಎಲ್ಲೂ ಏನೂ ಬರೆಯಲಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದದ್ದು ಅದೇ ಸೆಪ್ಟೆಂಬರಿನಲ್ಲಿ. 16ರಂದು ಟೆಹ್ರಾನಿನಲ್ಲಿ 22 ವರ್ಷದ ಮಹ್ಸಾ ಅಮೀನಿ, ಬಟ್ಟೆ ಸರಿಯಾಗಿಲ್ಲ ಎಂದು ಹಿಡಿದೊಯ್ದ ಪೊಲೀಸರ ವಶದಲ್ಲಿ ಕುಸಿದುಬಿದ್ದು, ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದೇ ಇರಾನಿನಲ್ಲಿ 1936ರಲ್ಲಿ ರೆಜಾ ಶಾ ಚಾದರ್ ಹೊದೆಯುವುದನ್ನೇ ನಿಷೇಧಿಸಿ ಪೊಲೀಸರ ಕೈಯಲ್ಲಿ ಬೀದಿಯಲ್ಲೇ ಎಳೆಸಿದ್ದ. ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. 1979ರ ಕ್ರಾಂತಿಯ ನಂತರ ಅದು ತಿರುಗಿತು, 1983ರಲ್ಲಿ ತಲೆ ಮುಚ್ಚದಿದ್ದರೆ ಶಿಕ್ಷೆ ಎಂಬ ಕಾನೂನಾಯಿತು. ಅಜ್ಜಿಯ ತಲೆಯಿಂದ ಎಳೆದರು, ಮೊಮ್ಮಗಳ ತಲೆಗೆ ಹೇರಿದರು. ಅಕ್ಟೋಬರ್ 13ಕ್ಕೆ ದಿಲ್ಲಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ, ಅತ್ಯಗತ್ಯವೋ ಅಲ್ಲವೋ ಎಂಬ ಚರ್ಚೆಯೇ ಇಲ್ಲಿ ಬೇಕಿರಲಿಲ್ಲ, ಇದು ಆಯ್ಕೆಯ ವಿಷಯ, ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಹೆಣ್ಣುಮಕ್ಕಳ ಓದು ಎಂದರು. ನಾನು ಆ ತೀರ್ಪನ್ನು ತಂಗಿಗೆ ಕಳಿಸಿದೆ. ಅವಳು ಆಗಲೇ ಓದಿ ಮುಗಿಸಿದ್ದಳು.

ಹೋದ ರಮ್ಜಾನಿನಲ್ಲಿ ಅವಳು ಊರಿಗೆ ಬಂದಿದ್ದಳು. ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ಇಬ್ಬರೂ ಅದೇ ಜಗಲಿಯ ಮೇಲೆ ಕೂತಿದ್ದೆವು. ನಾನು ಹೊಸದಾಗಿ ಓದಿದ್ದನ್ನು ಅವಳಿಗೆ ಹೇಳಿದೆ: ಮಯ್ಯತ್ತಿನ ಕೂದಲಿನ ವಿಷಯದಲ್ಲೂ ಮದ್‌ಹಬ್‌ಗಳು ಒಂದಿಲ್ಲ. ನಾವು ಹನಫಿಗಳು ಎರಡು ಭಾಗ ಮಾಡಿ ಎದೆಯ ಮೇಲೆ ಇಡುತ್ತೇವೆ, ಬಾಚಬಾರದು ಎನ್ನುತ್ತೇವೆ. ಶಾಫಿಈಗಳು ಬಾಚಬಹುದು ಎನ್ನುತ್ತಾರೆ, ಮೂರು ಜಡೆ ಹೆಣೆದು ಬೆನ್ನಿನ ಹಿಂದೆ ಬಿಡುತ್ತಾರೆ. ಪ್ರವಾದಿಯವರ ಮಗಳು ತೀರಿಕೊಂಡಾಗ ಗುಸುಲ್ ಕೊಟ್ಟ ಉಮ್ಮು ಅತಿಯ್ಯಾ ಮಾಡಿದ್ದು ಹಾಗೆ, ಬುಖಾರಿಯಲ್ಲಿದೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಬಾಚಬಹುದಿತ್ತಾ?" ಅಂದಳು.

"ಅವರಲ್ಲಿ ಬಾಚಬಹುದು."

ಅವತ್ತು ನಾನು ಅವಳಲ್ಲಿ ಮಾಫಿ ಕೇಳಿದೆ. ಆರು ವರ್ಷ ತಡವಾಗಿ. ಬಾಗಿಲಲ್ಲಿ ಅವಳು ನನ್ನ ಮುಖ ನೋಡಿದಾಗ ನಾನು ಹೇಳಬೇಕಿದ್ದ ಮಾತನ್ನು ಹೇಳಿದೆ. ಆಮೇಲೆ ಹೇಳಿದೆ, ನಾನು ಮೊದಲು ಹೋದರೆ ಗುಸುಲ್ ನೀನೇ ಕೊಡಬೇಕು, ನನ್ನ ಕಫನಿನ ಓಢ್ನಿ ನೀನೇ ಹರಿಯಬೇಕು, ಯಾರು ಬಾಗಿಲಲ್ಲಿ ತಡೆದರೂ ಆಪಾ ಹೇಳಿದ್ದಾಳೆ ಅನ್ನು ಎಂದು. ಮಗನಿಗೂ ಇದನ್ನು ಬರೆದುಕೊಟ್ಟಿದ್ದೇನೆ.

ಅವಳು ನನ್ನ ಹಿಂದೆ ಬಂದು ಕೂತಳು. ಕತ್ತಲಾಗಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ನನ್ನ ದುಪ್ಪಟ್ಟಾದ ಪಿನ್ನು ಬಿಚ್ಚಿ ಅದನ್ನು ಮಡಚಿ ನನ್ನ ಮಡಿಲಲ್ಲಿಟ್ಟಳು. ಒಳಗಿನಿಂದ ಅಮ್ಮಿಯ ಹಣಿಗೆ ತಂದಿದ್ದಳು. "ನರೆತಿದೆ ಆಪಾ" ಅಂದಳು, ಮತ್ತೆ ಸಿಕ್ಕು ಬಿಡಿಸತೊಡಗಿದಳು.